ಹಳಿಗೆ ತಕ್ಕ ಬಂಡಿ

ಕಡೂರನ್ನು ದಾಟಿದ ರೈಲುದಾರಿಯು ಬೀರೂರಿನಲ್ಲಿ ಕವಲೊಡೆದು, ಒಂದು ಅಜ್ಜಂಪುರದತ್ತಲೂ ಇನ್ನೊಂದು ತರೀಕೆರೆಯತ್ತಲೂ ಸಾಗುತ್ತದೆ. ಇಂದು ಎರಡೂ ಅಗಲ ಹಳಿಯವೇ. 1990ರ ದಶಕದವರೆಗೆ ಇವು ಒಂದು ಮೀಟರ್ ಅಂತರದ ಹಳಿಗಳಾಗಿದ್ದುವು. ಹಿಂದೊಮ್ಮೆ ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಎರಡೇ ಅಡಿಯ ಹಳಿಯೂ ಇದ್ದಿತು. ಒಂದಕ್ಕೆಂದು ಮಾಡಿದ ಬಂಡಿ ಮತ್ತೊಂದರ ಮೇಲೆ ಓಡದು. ಗಣಕಯಂತ್ರಗಳ ಲೋಕದಲ್ಲಿಯೂ ಇದೇ ತೊಡಕು. 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಹುಟ್ಟಿದ ಯೂನಿಕ್ಸ್ ವ್ಯವಸ್ಥೆಯು ಹಲವು ಕವಲುಗಳಾಗಿ ಬೆಳೆಯಿತು. ಒಂದು ಯಂತ್ರದ ಸಿದ್ಧ ತಂತ್ರಾಂಶವು ಮತ್ತೊಂದರಲ್ಲಿ ನಡೆಯುವುದೆಂಬ ಭರವಸೆಯಿಲ್ಲ.

ಕಡೂರಿನ ಮನೆಯೊಂದರಲ್ಲಿ, ಗುಜರಿಗೆ ಹೊರಟಿದ್ದ ಅಂತಹ ಹಳೆಯ ಯಂತ್ರವನ್ನು ಹುಡುಗನೊಬ್ಬನು ತಂದಿರಿಸಿದನೆಂದು ಭಾವಿಸಬಹುದು. ಅಜ್ಜಂಪುರದ ಅಜ್ಜಿ ಹೇಳಿ ಬರೆಯಿಸಿದ ಹಾಡುಗಳ ಕಡತ ಅವನ ಬಳಿಯಲ್ಲಿದೆ. ಯಂತ್ರದಲ್ಲಿರುವುದು ಬಿಲ್ ಜಾಯ್ 1976ರಲ್ಲಿ ಬರೆಯತೊಡಗಿದ 'ವೀ' ಎಂಬ ಬರಹ ತಿದ್ದುವ ತಂತ್ರಾಂಶದ ಮೊದಮೊದಲಿನ ರೂಪ. ಅದಕ್ಕೆ ಗೊತ್ತಿದ್ದುದು ಏಳು ಬಿಟ್ಟುಗಳ ಇಂಗ್ಲಿಷ್ ಅಕ್ಷರವಷ್ಟೆ. ಎಂಟನೆಯ ಬಿಟ್ಟನ್ನು ನಿರ್ದಾಕ್ಷಿಣ್ಯವಾಗಿ ಕಿತ್ತೆಸೆಯುವುದು ಅದರ ಸ್ವಭಾವ. ಯೂನಿಕೋಡಿನ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತವೂ ಮೂರು ಬೈಟುಗಳದು, ಮೂರರಲ್ಲಿಯೂ ಆ ಎಂಟನೆಯ ಬಿಟ್ಟು ಉಂಟು. ಕಡೂರಿನ 'ಕ'ಕಾರವನ್ನೇ ತೆಗೆದುಕೊಂಡರೆ, ಉಳಿಯುವುದು ಓರೆ ಚುಕ್ಕೆಯೊಂದು, 2 ಎಂಬ ಅಂಕಿ, ಮತ್ತು ಕಣ್ಣಿಗೆ ಕಾಣದ ಆಜ್ಞಾಚಿಹ್ನೆಯೊಂದು. ಒಮ್ಮೆ ತೆರೆದು ಉಳಿಸಿದರೆ ಸಾಕು, ಅಜ್ಜಿಯ ಹಾಡುಗಳಷ್ಟೂ ಹಾಳು!

ಆದುದರಿಂದ ಬೇರೊಂದು ತಂತ್ರಾಂಶ ಬೇಕು. ಬ್ರಾಮ್ ಮೂಲೆನಾರ್ 1991ರಲ್ಲಿ ಹೊರತಂದ 'ವಿಮ್' ಎಂಟು ಬಿಟ್ಟುಗಳನ್ನೂ ಕಾಯುತ್ತದೆ. ಬೆಲೆಯಿಲ್ಲ, ಮೆಚ್ಚಿದವರು ಉಗಾಂಡದ ಅನಾಥ ಮಕ್ಕಳಿಗೆ ನೆರವಾಗಲೆಂಬುದಷ್ಟೇ ಆತನ ಕೋರಿಕೆಯಾಗಿದ್ದಿತು. ಅದಕ್ಕಿಂತಲೂ ಮುಖ್ಯವಾದುದು, ಅದರ ಮೂಲಪಾಠವು ಯಾರಿಗಾದರೂ ದೊರೆಯುತ್ತದೆ. ಬಂಡಿಯಲ್ಲ, ಬಂಡಿಯ ನಕ್ಷೆ! ಹಳಿಯ ಅಗಲವನ್ನು ಅಳೆದು ಮನೆಯಲ್ಲಿಯೇ ಕಟ್ಟಿಕೊಳ್ಳಬಹುದು. ಹೀಗೆ ಮೂಲಪಾಠವನ್ನು ಯಂತ್ರಭಾಷೆಗೆ ಇಳಿಸುವುದೇ ಕಂಪೈಲ್ ಮಾಡುವುದು.

ಅಳೆಯುವ ಕೆಲಸ 'ಕನ್ಫಿಗರ್' ಎಂಬ ಕಡತದ್ದು, ಕಟ್ಟುವುದು 'ಮೇಕ್' ಎಂಬ ಆಜ್ಞೆಯದು. ಹೇಳಿದಷ್ಟು ಸುಲಭವಲ್ಲ. ಸಿ ಭಾಷೆಗೆ 1989ರಲ್ಲಿ ಬಂದ ಹೊಸ ವ್ಯಾಕರಣವನ್ನು ಹಳೆಯ ಕಂಪೈಲರು ಅರಿಯದು. ಮೊದಲ ಪುಟದಲ್ಲಿಯೇ ಮುಷ್ಕರ ಹೂಡುತ್ತದೆ. ಕೆಲವು ಯಂತ್ರಗಳಲ್ಲಿ ಕಂಪೈಲರೇ ಇರುವುದಿಲ್ಲ: 1990ರ ದಶಕದಲ್ಲಿ ಸನ್ ಕಂಪೆನಿಯು ಸೊಲಾರಿಸ್ ಜೊತೆಗೆ ಅದನ್ನು ಕೊಡದೆ ಪ್ರತ್ಯೇಕವಾಗಿ ಮಾರಿತು. ಧರ್ಮಾರ್ಥವಾಗಿ ದೊರೆಯುವ ಜಿಸಿಸಿ ಉಂಟಲ್ಲವೆ ಎಂದರೆ, ಅದನ್ನು ಕಟ್ಟುವುದಕ್ಕೂ ಕಂಪೈಲರೊಂದು ಬೇಕು! ಬೀಜವೃಕ್ಷನ್ಯಾಯವೆಂದರೆ ಇದೇ.

ಹುಡುಗನು 2001ರ ಆರನೆಯ ಆವೃತ್ತಿಯನ್ನು ಆರಿಸಿದರೆ ಜಾಣನೇ ಸರಿ. ಅದು ಹಳೆಯ ಕಂಪೈಲರಿನ ವ್ಯಾಕರಣಕ್ಕೂ ಒಗ್ಗುವಂತೆ ಬರೆದುದು. ಆದರೂ ಕಡೆಯ ಗಳಿಗೆಯಲ್ಲಿ, ಪರದೆಯನ್ನು ಆಳುವ 'ಟರ್ಮ್‌ಕ್ಯಾಪ್' ಭಂಡಾರ ಸಿಗಲಿಲ್ಲವೆಂದು ಕೆಲಸ ನಿಂತೀತು. ಹೆಸರನ್ನು ತಿದ್ದಿ ಮತ್ತೆ ಹೂಡಬೇಕು.

ಎಲ್ಲ ಮುಗಿದ ಮೇಲೂ ಆ ಪರದೆಯಲ್ಲಿ ಕನ್ನಡ ಮೂಡದು. ಅದರಲ್ಲಿ ನಮ್ಮ ಲಿಪಿಯ ಅಚ್ಚುಗಳಿಲ್ಲ. ಕಾಣುವುದು ಅರ್ಥವಾಗದ ಗೀಟುಗಳ ಸಾಲು. ಆದರೆ ಮುದ್ರೆಯೊಡೆಯದ ಟಪಾಲು ಚೀಲದಂತೆ ಬೈಟುಗಳೆಲ್ಲ ಕ್ಷೇಮ. ಕಡತವು ತರೀಕೆರೆಯ ನೆಂಟರ ಹೊಸ ಯಂತ್ರವನ್ನು ತಲುಪಿದಾಗ, ಅಜ್ಜಿಯ ಹಾಡುಗಳು ಒಂದಕ್ಷರವೂ ಕೆಡದೆ ತೆರೆದುಕೊಳ್ಳುತ್ತವೆ.