ಗಿಡವನ್ನು ನೋಡಿ ಬರೆಯುವ ವಿದ್ಯೆ ನಮ್ಮ ಮಕ್ಕಳಿಗೂ ಬೇಕು



ನಿಮ್ಮ ಮನೆಯ ಮಗುವಿಗೆ ಹೊನಗೊನೆ ಸೊಪ್ಪಿನ ಚಿತ್ರ ಬರೆಯಲು ಹೇಳಿ ನೋಡಿ. ಒಂದು ಕಡ್ಡಿ, ನಾಲ್ಕು ಎಲೆ, ತುದಿಯಲ್ಲೊಂದು ಹೂವು ಬರೆದು ಕೊಡುತ್ತದೆ. ನಾವು ಬರೆದರೂ ಅಷ್ಟೇ. ಆದರೆ ಹೊನಗೊನೆಯ ಹೂವು ತುದಿಯಲ್ಲಿ ನಿಲ್ಲುವುದಿಲ್ಲ. ಎಲೆಯ ಕಂಕುಳಿನಲ್ಲಿ, ತೊಟ್ಟಿಲ್ಲದೆ, ಕಾಂಡಕ್ಕೆ ಅಂಟಿಕೊಂಡಿರುತ್ತದೆ.

ಈ ಸಣ್ಣ ವ್ಯತ್ಯಾಸಕ್ಕೆ ಬೆಲೆಯಿದೆ. ಬೆಂಗಳೂರಿನ ಪೂರ್ವ ಭಾಗದ ಬೆಳ್ಳಂದೂರು, ವರ್ತೂರು ಕೆರೆಗಳಲ್ಲಿ ಹೊನಗೊನೆಯ ಜಾತಿಗೇ ಸೇರಿದ ಅಲಿಗೇಟರ್ ಕಳೆ ಹಬ್ಬಿದೆ. ಎಲೆ ನೋಡಿದರೆ ಮೋಸ ಹೋಗುವುದು ಸುಲಭ. ಆದರೆ ಅದರ ಬಿಳಿಯ ಹೂಗೊಂಚಲಿಗೆ ಉದ್ದನೆಯ ತೊಟ್ಟಿದೆ, ಕಾಂಡ ಟೊಳ್ಳು. ಒಮ್ಮೆ ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ಚಿತ್ರ ಬರೆದವರು ಮತ್ತೆ ತಪ್ಪುವುದಿಲ್ಲ. (ಕೊಳಚೆ ಸೇರಿದ ಕೆರೆಯಂಚಿನ ಸೊಪ್ಪು ಯಾವುದೇ ಆಗಿರಲಿ, ಅಡುಗೆಗೆ ಬಳಸಬಾರದು.)

ಈ ಕೆರೆಗಳಿಗೆ ಸಮೀಪದ ಮಾರತ್ತಹಳ್ಳಿ ಒಂದು ಕಾಲಕ್ಕೆ ಹೊಲಗಳ ನಡುವಿನ ಹಳ್ಳಿ. ಈಗ ಅಲ್ಲಿ ವರ್ತುಲ ರಸ್ತೆ, ಬಹುಮಹಡಿ ಕಟ್ಟಡಗಳು. ಮಕ್ಕಳು ಚಿತ್ರಕಲೆಯ ತರಗತಿಗೆ ಹೋಗುತ್ತಾರೆ. ಅಚ್ಚಿನ ಚಿತ್ರ ನೋಡಿ ಗುಲಾಬಿ, ತಾವರೆ ಬರೆಯುತ್ತಾರೆ. ಬದುವಿನಿಂದ ಅಣ್ಣೆ, ಹೊನಗೊನೆ ಕಿತ್ತು ಬೆರಕೆ ಸೊಪ್ಪಿನ ಸಾರು ಮಾಡಿದ ಅಜ್ಜಿಯರು ಇನ್ನೂ ಕೆಲವು ಮನೆಗಳಲ್ಲಿದ್ದಾರೆ. ಹೊಲ ಹೋಯಿತು, ಅವರ ನೆನಪಿನಲ್ಲಿರುವ ಹೆಸರುಗಳೂ ಹೋದರೆ ಮರಳಿ ತರುವುದು ಹೇಗೆ? ಆದ್ದರಿಂದ ಇಂಥ ತರಗತಿಗಳಲ್ಲಿ ವಾರಕ್ಕೊಂದು ದಿನವಾದರೂ ಜೀವಂತ ಗಿಡವನ್ನು ಎದುರಿಗಿಟ್ಟು ಬರೆಸಬೇಕೆಂಬುದು ನನ್ನ ಅಭಿಪ್ರಾಯ. ಹಳ್ಳಿಯ ಶಾಲೆಗಳಲ್ಲಿ ಇದು ಇನ್ನೂ ಸುಲಭ.

ಈ ವಿದ್ಯೆ ನಮ್ಮ ನಾಡಿಗೆ ಹೊಸದಲ್ಲ. 1840ರ ದಶಕದಲ್ಲಿ ಶಿವಮೊಗ್ಗದಲ್ಲಿದ್ದ ವೈದ್ಯ ಹ್ಯೂ ಕ್ಲೆಗ್‌ಹಾರ್ನ್ ಮರಾಠಿ ಚಿತ್ರಕಾರನೊಬ್ಬನಿಂದ ದಿನಕ್ಕೊಂದು ಗಿಡದ ಚಿತ್ರ ಬರೆಸಿದರು. ಆ ಚಿತ್ರಗಳು ಇಂದು ಎಡಿನ್‌ಬರೋ ಸಸ್ಯೋದ್ಯಾನದಲ್ಲಿವೆ. ಲಾಲ್‌ಬಾಗಿನಲ್ಲಿ ಜಾನ್ ಕ್ಯಾಮರಾನ್ ಅವರ ಆಡಳಿತದ ಕಾಲದಲ್ಲಿ (1874–1908) ಚೆಲುವಯ್ಯ ರಾಜು ಅವರು ತೋಟದ ಗಿಡಗಳನ್ನು ಜಲವರ್ಣದಲ್ಲಿ ಬರೆದರು.

"ಮೊಬೈಲಿನಲ್ಲಿ ಫೋಟೋ ತೆಗೆದರೆ ಸಾಲದೇ?" ಎಂದು ನೀವು ಕೇಳಬಹುದು. ರಾಗಿಯ ಬೆಂಕಿ ರೋಗದ ಚುಕ್ಕೆಯನ್ನು ತಜ್ಞರಿಗೆ ಕೂಡಲೇ ಕಳುಹಿಸಲು ಫೋಟೋ ಬಹಳ ಉಪಯುಕ್ತ. ಆದರೆ ಫೋಟೋ ಕ್ಷಣದಲ್ಲಿ ಮುಗಿಯುತ್ತದೆ, ಕಣ್ಣಿಗೆ ಕೆಲಸವಿಲ್ಲ. ಬರೆಯುವವನು ಅರ್ಧ ಗಂಟೆ ಗಿಡದ ಮುಂದೆ ಕೂರಬೇಕು. ಆ ಚುಕ್ಕೆ ಕದಿರಿನ ಆಕಾರದಲ್ಲಿದೆ, ನಡುವೆ ಬೂದು ಬಣ್ಣವಿದೆ ಎಂಬುದು ಆಗ ತಾನಾಗಿ ಮನಸ್ಸಿನಲ್ಲಿ ನಿಲ್ಲುತ್ತದೆ. ಬೇರು, ಕಾಂಡ, ಸೀಳಿದ ಹೂವು, ಬೀಜ ಎಲ್ಲವನ್ನೂ ಒಂದೇ ಹಾಳೆಯಲ್ಲಿ ತೋರಿಸಲೂ ಬಹುದು.

ಖರ್ಚು ಹೆಚ್ಚಿಲ್ಲ. ದಪ್ಪ ಹಾಳೆಯ ಪುಸ್ತಕ, ಪೆನ್ಸಿಲ್, ಅಳತೆಪಟ್ಟಿ, ಒಂದು ಭೂತಗನ್ನಡಿ ಸಾಕು. ಗಿಡವನ್ನು ಬೆಳಿಗ್ಗೆಯೇ ಬೇರುಸಹಿತ ಕಿತ್ತು, ಮಣ್ಣು ತೊಳೆದು, ಒದ್ದೆ ಬಟ್ಟೆಯಲ್ಲಿಡಿ. ಎಲೆಯ ಉದ್ದಗಲ ಅಳೆದು ನಿಜ ಗಾತ್ರದಲ್ಲೇ ಬರೆಯಿಸಿ. ಎಲೆಗಳು ಎದುರುಬದುರಾಗಿವೆಯೋ, ಒಂದರ ಬಳಿಕ ಒಂದಾಗಿವೆಯೋ ಗಮನಿಸಲು ಹೇಳಿ. ಹಸಿರನ್ನು ಹಳದಿ, ನೀಲಿ ಬೆರೆಸಿ ಮಗುವೇ ಮಾಡಿಕೊಳ್ಳಲಿ. ಎಳೆಯ ಎಲೆಯ ಹಸಿರೇ ಬೇರೆ, ಬಲಿತ ಎಲೆಯ ಹಸಿರೇ ಬೇರೆ ಎಂಬುದು ಆಗ ತಿಳಿಯುತ್ತದೆ.

ಕೊನೆಯಲ್ಲಿ ಹಾಳೆಯ ಕೆಳಗೆ ದಿನಾಂಕ, ಗಿಡ ಸಿಕ್ಕ ಜಾಗ, ಮನೆಯ ಹಿರಿಯರು ಹೇಳಿದ ಹೆಸರು ಬರೆಯಿಸಿ. ಚಿತ್ರ ಸೊಟ್ಟಗಿದ್ದರೂ ಚಿಂತೆಯಿಲ್ಲ. ಅಜ್ಜಿ ಹೆಸರು ಹೇಳಲು, ಮೊಮ್ಮಗು ಬರೆದುಕೊಳ್ಳಲು ಇಬ್ಬರೂ ಮನೆಯಲ್ಲಿರುವಾಗಲೇ ಈ ಕೆಲಸ ಆಗಬೇಕು. ಬರುವ ಭಾನುವಾರವೇ ಆರಂಭಿಸಿ.