ಅಜ್ಜನ ಅಂಬಾಸಿಡರ್‌ಗೆ ಬೆಲೆ ಕಟ್ಟುವವರು ಯಾರು?

ನಲ್ಲೂರಿನ ಅಡಿಕೆ ಬೆಳೆಗಾರರೊಬ್ಬರ ಶೆಡ್ಡಿನಲ್ಲಿ 1974ರ ಅಂಬಾಸಿಡರ್ ಇದೆ ಎಂದಿಟ್ಟುಕೊಳ್ಳಿ. ಅಜ್ಜ ಕೊಂಡ ಕಾರು. ನಲ್ಲೂರು ಇರುವ ಚನ್ನಗಿರಿ ತಾಲ್ಲೂಕು ಆಗಿನ್ನೂ ಶಿವಮೊಗ್ಗ ಜಿಲ್ಲೆಯಲ್ಲಿತ್ತು. ದಾವಣಗೆರೆ ಜಿಲ್ಲೆ ಹುಟ್ಟಿದ್ದು 1997ರಲ್ಲಿ. ಹಾಗಾಗಿ ಆರ್‌ಸಿ ಪುಸ್ತಕದ ಮೇಲೆ ಶಿವಮೊಗ್ಗದ ಮೊಹರು. ವರ್ಷಕ್ಕೆ ನಾಲ್ಕಾರು ಸಲ ಕಾರು ಹೊರಬೀಳುತ್ತದೆ: ಆಯುಧಪೂಜೆಗೆ, ನೆಂಟರ ಮದುವೆಗೆ, ಮೊಮ್ಮಕ್ಕಳು ಬಂದಾಗ ಸೂಳೆಕೆರೆ ಏರಿಯವರೆಗೆ ಒಂದು ಸುತ್ತಿಗೆ. ಈಗ ಇದಕ್ಕೆ ಫುಲ್ ಇನ್ಶೂರೆನ್ಸ್ ಮಾಡಿಸಲು ಹೋಗಿ ನೋಡಿ.

ಐದು ವರ್ಷ ದಾಟಿದ ವಾಹನದ ಐಡಿವಿಯನ್ನು, ಅಂದರೆ ವಿಮೆಗೆ ಹಿಡಿಯುವ ಬೆಲೆಯನ್ನು, ಕಂಪನಿ ಮತ್ತು ಮಾಲೀಕ ಇಬ್ಬರೂ ಮಾತಾಡಿ ಒಪ್ಪಿಕೊಳ್ಳಬೇಕು ಎನ್ನುತ್ತದೆ 2002ರ ಮೋಟಾರ್ ಟ್ಯಾರಿಫ್. ಕೌಂಟರಿನಲ್ಲಿ ಮಾತೇ ನಡೆಯುವುದಿಲ್ಲ. ‘ಥರ್ಡ್ ಪಾರ್ಟಿ ಸಾಕು ಬಿಡಿ ಸಾರ್’ ಎಂಬಲ್ಲಿಗೆ ಮುಗಿಯಿತು. ಪಟ್ಟು ಹಿಡಿದರೆ, ನಲವತ್ತು ಸಾವಿರ ಎಂದು ಬರೆದುಕೊಟ್ಟರು ಅನ್ನೋಣ. ಅಸಲಿ ಆಟ ಶುರುವಾಗುವುದು ಆಗಲೇ. ರಿಪೇರಿ ಖರ್ಚು ಐಡಿವಿಯ ಶೇ 75 ಮೀರಿದರೆ ವಾಹನ ಪೂರ್ತಿ ನಷ್ಟವಾದಂತೆ ಲೆಕ್ಕ. ಎಮ್ಮೆ ಅಡ್ಡ ಬಂದು ಮುಂಭಾಗ ಜಜ್ಜಿ, ತಗಡು ಬಡಿದು ಬಣ್ಣ ಹೊಡೆಯಲು ಮೂವತ್ತೊಂದು ಸಾವಿರವಾದರೆ ನಿಮ್ಮ ಕಾರು ಕಾಗದದ ಮೇಲೆ ಸತ್ತಿತು. ಅದಕ್ಕಿಂತ ಕಡಿಮೆ ಖರ್ಚಾದರೂ ಪೂರ್ತಿ ಸಿಗುವುದಿಲ್ಲ: ಹತ್ತು ವರ್ಷ ದಾಟಿದ ವಾಹನಕ್ಕೆ ಹೊಸದಾಗಿ ಹಾಕುವ ಲೋಹದ ಭಾಗಗಳಿಗೆ ಅರ್ಧ ಬೆಲೆ ಸವಕಳಿ. ಹಳೆಯ ಬಂಪರ್ ಹುಡುಕಿ ತರುವ ಕಷ್ಟ, ಅದಕ್ಕೆ ತೆತ್ತ ದುಬಾರಿ ದರ ಯಾವ ಕೋಷ್ಟಕದಲ್ಲೂ ಇಲ್ಲ.

ಚನ್ನಗಿರಿಯಲ್ಲಿ ರಾಶಿಯೋ ಬೆಟ್ಟೆಯೋ ಗೊರಬಲೋ ಎಂದು ಕೈಯಲ್ಲಿ ಹಿಡಿದು ನೋಡದೆ ಯಾರೂ ಅಡಿಕೆಗೆ ದರ ಹೇಳುವುದಿಲ್ಲ. ಕಾರಿಗೆ ಮಾತ್ರ, ಅದರ ಮುಖ ನೋಡದ ಕಂಪ್ಯೂಟರ್ ದರ ಕಟ್ಟುತ್ತದೆ.

‘ವಿಂಟೇಜ್ ಎಂದು ನೋಂದಾಯಿಸಿಕೊಳ್ಳಿ, ರಿಯಾಯಿತಿ ಇದೆಯಲ್ಲ’ ಎನ್ನುವವರಿದ್ದಾರೆ. ಇದೆ, ನಿಜ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ನಿಯಮ ತಂದಿತು: ಐವತ್ತು ವರ್ಷ ದಾಟಿ, ಮೂಲರೂಪ ಕೆಡದ ಕಾರು, ಬೈಕುಗಳಿಗೆ ವಿಂಟೇಜ್ ನೋಂದಣಿ, ಶುಲ್ಕ 20,000 ರೂಪಾಯಿ, ಅವಧಿ ಹತ್ತು ವರ್ಷ. ಹಾಗೆ ನೋಂದಾಯಿಸಿದ ಕಾರಿಗೆ 2022ರ ಜೂನ್ 1ರಿಂದ ಥರ್ಡ್ ಪಾರ್ಟಿ ಪ್ರೀಮಿಯಂ ಅರ್ಧ. ಅಂಬಾಸಿಡರ್‌ನ 1,489 ಸಿಸಿ ಎಂಜಿನ್‌ಗೆ ಆಗ ಗೊತ್ತುಮಾಡಿದ ದರ 3,416 ರೂಪಾಯಿ. ಅರ್ಧವೆಂದರೆ 1,708, ಶೇ 18ರ ಜಿಎಸ್‌ಟಿ ಕೂಡಿಸಿದರೆ ವರ್ಷಕ್ಕೆ ಉಳಿಯುವುದು 2,015 ರೂಪಾಯಿ. ಹತ್ತು ವರ್ಷಕ್ಕೆ 20,154. ಕಟ್ಟಿದ ಶುಲ್ಕ ಕಳೆದರೆ ಕೈಯಲ್ಲಿ ಉಳಿದದ್ದು ನೂರೈವತ್ನಾಲ್ಕು ರೂಪಾಯಿ! ಮಾಮೂಲಿ ಆರ್‌ಸಿ ನವೀಕರಣಕ್ಕೂ ದುಡ್ಡು ಬೇಕಲ್ಲ ಎಂದರೆ, ಬೇಕು. ಇಪ್ಪತ್ತು ವರ್ಷ ದಾಟಿದ ಕಾರಿಗೆ ಆ ಶುಲ್ಕವನ್ನು 2025ರ ಆಗಸ್ಟ್‌ನಲ್ಲಿ 10,000ಕ್ಕೆ ಏರಿಸಿದ್ದೂ ಇದೇ ಕೇಂದ್ರ ಸರ್ಕಾರ. 1,500 ಸಿಸಿ ಮೀರಿದ ಎಂಜಿನ್‌ಗಳ ದರ 7,897. ಅರಮನೆಯಿಂದ ಬಂದ ದೊಡ್ಡ ಕಾರುಗಳಿಗೆ ಈ ರಿಯಾಯಿತಿ ಚೆನ್ನಾಗಿಯೇ ಗಿಟ್ಟುತ್ತದೆ. ಮೈಸೂರಿನ ಯಾದವಗಿರಿಯಲ್ಲೇ ತಯಾರಾದ ಜಾವಾ ಬೈಕಿಗೆ ವಿಂಟೇಜ್ ನೋಂದಣಿ ಉಂಟು, ರಿಯಾಯಿತಿ ಇಲ್ಲ. ಅದನ್ನು ಬರೆದಿರುವುದು ಖಾಸಗಿ ಕಾರಿಗೆ ಮಾತ್ರ.

ಹಣದ ಮಾತು ಹಾಗಿರಲಿ. ವಿಂಟೇಜ್ ಆದ ಕಾರನ್ನು ದಿನಬಳಕೆಗೆ ಓಡಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಸಂಶೋಧನೆ, ಪೆಟ್ರೋಲ್, ರಿಪೇರಿ: ಇಷ್ಟಕ್ಕೆ ರಸ್ತೆಗಿಳಿಯಬಹುದು. ಮದುವೆ ದಿಬ್ಬಣ ಆ ಪಟ್ಟಿಯಲ್ಲಿಲ್ಲ. ದಿಬ್ಬಣದ ದಾರಿಯಲ್ಲಿ ಅಪಘಾತವಾದರೆ ತಕರಾರು ತೆಗೆಯಲು ವಿಮಾ ಕಂಪನಿಗೆ ನಾವೇ ಕಾರಣ ಕೊಟ್ಟ ಹಾಗೆ. ನಿಯಮ ಬರೆದವರ ಕಣ್ಣಲ್ಲಿದ್ದದ್ದು ಧರ್ಮಸ್ಥಳದ ಸಂಗ್ರಹಾಲಯದಂಥ ಜಾಗ. ಅಲ್ಲಿ ಕಾರುಗಳು ಸಾಲಾಗಿ ನಿಂತು ಜನರಿಗೆ ದರ್ಶನ ಕೊಡುತ್ತವೆ. ಅದೂ ಬೇಕು. ಆದರೆ ಮನೆಯ ಕಾರು ಮನೆಮಂದಿಯನ್ನು ಹೊತ್ತು ಓಡಾಡಿದರೇ ಅದಕ್ಕೆ ಜೀವ.

ಹಳೆಯ ಗಾಡಿಯ ಬ್ರೇಕ್ ನಂಬುವುದು ಹೇಗೆ, ಹೆಚ್ಚು ಬೆಲೆ ಬರೆಸಿ ಬೆಂಕಿ ಹಚ್ಚಿದರೆ ಏನು ಗತಿ ಎಂದು ವಿಮೆಯವರು ಕೇಳುತ್ತಾರೆ. ಕೇಳಲಿ, ನ್ಯಾಯವಾದ ಪ್ರಶ್ನೆ. ಉತ್ತರವೂ ಕಷ್ಟದ್ದಲ್ಲ: ಪಾಲಿಸಿ ಕೊಡುವ ಮೊದಲೇ ಸರ್ವೇಯರ್ ಶೆಡ್ಡಿಗೆ ಬರಲಿ, ಎಂಜಿನ್, ಚಾಸಿ ಸಂಖ್ಯೆ ನೋಡಲಿ, ಫೋಟೊ ತೆಗೆಯಲಿ, ಇಬ್ಬರೂ ಒಪ್ಪಿದ ಬೆಲೆಗೆ ಸಹಿ ಬೀಳಲಿ. ಅದರ ಶುಲ್ಕ ಮಾಲೀಕನೇ ಕೊಡುತ್ತಾನೆ. ಅಮೆರಿಕದಲ್ಲಿ ಹ್ಯಾಗರ್ಟಿಯಂಥ ಕಂಪನಿಗಳು ಒಪ್ಪಿತ ಬೆಲೆಯ ಪಾಲಿಸಿಯನ್ನೇ ನೆಚ್ಚಿ ದೊಡ್ಡದಾಗಿ ಬೆಳೆದಿವೆ, ಧರ್ಮಕ್ಕೆ ನಡೆಸುತ್ತಿಲ್ಲ. ಇನ್ನು ಓಡಿದಷ್ಟಕ್ಕೇ ಪ್ರೀಮಿಯಂ ಕಟ್ಟುವ ಸೌಲಭ್ಯಕ್ಕೆ ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ 2022ರ ಜುಲೈನಲ್ಲೇ ಒಪ್ಪಿಗೆ ಕೊಟ್ಟಿದೆ. ಅದು ಸ್ವಂತ ಹಾನಿಯ ವಿಮೆಗೆ ಮಾತ್ರ. ಆ ವಿಮೆಯನ್ನೇ ಕೊಡದೆ ವಾಪಸ್ ಕಳಿಸಿದ ಮೇಲೆ, ವರ್ಷಕ್ಕೆ ಇನ್ನೂರು ಕಿಲೋಮೀಟರ್ ಓಡುವ ಅಂಬಾಸಿಡರ್ ದಿನಾ ಬೆಂಗಳೂರು ಸುತ್ತುವ ಅದೇ ಸಿಸಿಯ ಕಾರಿನಷ್ಟೇ ಥರ್ಡ್ ಪಾರ್ಟಿ ದುಡ್ಡು ತೆರುತ್ತಿದೆ.