ಬಾಗಿಲು ಸಣ್ಣದಲ್ಲ ಸ್ವಾಮಿ

2025ರ ಜುಲೈ 5ರಂದು, ಚಿಯಾಂಗ್ ಮಾಯ್‌ನಲ್ಲಿ ಭಾರತದ ಮಹಿಳಾ ಫುಟ್‌ಬಾಲ್ ತಂಡ ಥಾಯ್ಲೆಂಡನ್ನು ಅದರದ್ದೇ ನೆಲದಲ್ಲಿ 2-1ರಿಂದ ಸೋಲಿಸಿತು. ಎರಡೂ ಗೋಲು ಸಂಗೀತಾ ಬಸ್ಫೋರ್ ಹೊಡೆದದ್ದು. ಫಿಫಾ ರ‍್ಯಾಂಕಿಂಗ್‌ನಲ್ಲಿ ಆಗ ಅವರು 46, ನಾವು 70. ಈ ಗೆಲುವಿನಿಂದ 2026ರ ಮಾರ್ಚ್‌ನಲ್ಲಿ ಆಸ್ಟ್ರೇಲಿಯಾದಲ್ಲಿ ನಡೆದ ಏಷ್ಯನ್ ಕಪ್‌ಗೆ ನಮ್ಮ ಟಿಕೆಟ್ ಪಕ್ಕಾ ಆಯ್ತು. ಅರ್ಹತಾ ಸುತ್ತು ಆಡಿ, ಗೆದ್ದು ನಾವು ಅಲ್ಲಿಗೆ ಹೋದದ್ದು ಅದೇ ಮೊದಲು.

ಒಂದು ವಾರ ಕಳೆಯೋದರೊಳಗೆ ಐಎಸ್‌ಎಲ್ ಆ ವರ್ಷ ನಡೆಯುತ್ತೋ ಇಲ್ಲವೋ ಅನ್ನೋ ಗೋಳು ಶುರುವಾಗಿ ಸಂಗೀತಾ ಬಸ್ಫೋರ್ ಎಲ್ಲರ ಫೀಡ್‌ನಿಂದಲೂ ಮಾಯವಾದರು. ಅದು ಹೋಗಲಿ. ನನ್ನ ತಕರಾರು ಬೇರೆ. ಈ ಗೆಲುವನ್ನು ಗಮನಿಸಿದ ಕೆಲವೇ ಕೆಲವರೂ ಹೇಳಿದ್ದು ಒಂದೇ ಮಾತು: ‘ಚೆನ್ನಾಗ್ ಆಡಿದ್ರು ಬಿಡಪ್ಪ. ಆದ್ರೆ ವರ್ಲ್ಡ್ ಕಪ್ ಎಲ್ಲ ನಮಗೆ ದೂರದ ಮಾತು. ಆ ಲೆವೆಲ್ಲೇ ಬೇರೆ.’

ಈ ‘ಲೆವೆಲ್ಲೇ ಬೇರೆ’ ಎಂಬ ಮಾತನ್ನು ಸ್ವಲ್ಪ ಬಿಚ್ಚಿ ನೋಡೋಣ. ಯಾಕಂದ್ರೆ ಇದನ್ನು ಹೇಳುವವರಲ್ಲಿ ಹೆಚ್ಚಿನವರಿಗೆ ಮಹಿಳಾ ವಿಶ್ವಕಪ್‌ಗೆ ತಂಡಗಳು ಹೇಗೆ ಆಯ್ಕೆಯಾಗುತ್ತವೆ ಅನ್ನೋದೇ ಗೊತ್ತಿಲ್ಲ. ಗಂಡಸರ ಚಾಂಪಿಯನ್ಸ್ ಲೀಗಿನ ಹೊಸ ಫಾರ್ಮ್ಯಾಟನ್ನು ಟಿಶ್ಯೂ ಪೇಪರಿನ ಮೇಲೆ ಗೀಚಿ ವಿವರಿಸಬಲ್ಲ ಗೆಳೆಯರಿಗೂ ಗೊತ್ತಿಲ್ಲ.

ಏಷ್ಯಾದಲ್ಲಿ ಮಹಿಳಾ ವಿಶ್ವಕಪ್‌ಗೆ ಪ್ರತ್ಯೇಕ ಅರ್ಹತಾ ಟೂರ್ನಿ ಇಲ್ಲ. ಏಷ್ಯನ್ ಕಪ್ಪೇ ಅರ್ಹತಾ ಟೂರ್ನಿ. ಅದರಲ್ಲಿ ಹನ್ನೆರಡು ತಂಡ, ನಾಲ್ಕರಂತೆ ಮೂರು ಗುಂಪು. ಪ್ರತಿ ಗುಂಪಿನ ಮೊದಲೆರಡು ತಂಡ, ಜೊತೆಗೆ ಮೂರನೇ ಸ್ಥಾನ ಪಡೆದವರಲ್ಲಿ ಉತ್ತಮವಾದ ಎರಡು, ಒಟ್ಟು ಎಂಟು ತಂಡ ಕ್ವಾರ್ಟರ್ ಫೈನಲ್‌ಗೆ. ಅಲ್ಲಿ ಗೆದ್ದ ನಾಲ್ವರು ಸೀದಾ 2027ರ ಬ್ರೆಜಿಲ್ ವಿಶ್ವಕಪ್‌ಗೆ. ಸೋತ ನಾಲ್ವರು ತಮ್ಮತಮ್ಮಲ್ಲೇ ಇನ್ನೊಂದು ಪಂದ್ಯ ಆಡ್ತಾರೆ, ಅದರಲ್ಲಿ ಗೆದ್ದ ಇಬ್ಬರೂ ಬ್ರೆಜಿಲ್‌ಗೆ. ಅಲ್ಲೂ ಸೋತ ಇಬ್ಬರಿಗೆ ಬೇರೆ ಖಂಡಗಳ ತಂಡಗಳ ಜೊತೆ ಪ್ಲೇಆಫ್ ಆಡುವ ಅವಕಾಶ. ಅಂದ್ರೆ ಕ್ವಾರ್ಟರ್ ಫೈನಲ್ ತಲುಪಿದ ಒಂದು ತಂಡವೂ ಬರಿಗೈಲಿ ವಾಪಸ್ ಬರೋದಿಲ್ಲ.

ಇದು ಎಷ್ಟು ಅಗಲದ ಬಾಗಿಲು ಅನ್ನೋದಕ್ಕೆ ವಿಯೆಟ್ನಾಂ ಕತೆ ಕೇಳಿ. 2022ರ ಏಷ್ಯನ್ ಕಪ್ ನಡೆದಿದ್ದು ನಮ್ಮಲ್ಲೇ, ಮುಂಬೈ, ನವಿ ಮುಂಬೈ, ಪುಣೆಯಲ್ಲಿ. ವಿಯೆಟ್ನಾಂ ಮೊದಲು ದಕ್ಷಿಣ ಕೊರಿಯಾ ಎದುರು 0-3 ಸೋತಿತು. ಆಮೇಲೆ ಜಪಾನ್ ಎದುರು 0-3 ಸೋತಿತು. ಮ್ಯಾನ್ಮಾರ್ ಜೊತೆ 2-2 ಡ್ರಾ. ಗುಂಪಿನಲ್ಲಿ ಗಳಿಸಿದ್ದು ಒಂದೇ ಒಂದು ಪಾಯಿಂಟ್. ಮೂರನೇ ಸ್ಥಾನದ ಲೆಕ್ಕದಲ್ಲಿ ಕ್ವಾರ್ಟರ್ ಫೈನಲ್‌ಗೆ ಹೋಯ್ತು. ಅಲ್ಲಿ ಚೀನಾ ಎದುರು 1-3 ಸೋತಿತು. ನಾಲ್ಕು ಪಂದ್ಯ ಆಡಿ ಒಂದನ್ನೂ ಗೆಲ್ಲದ ತಂಡ ಆಮೇಲೆ ಥಾಯ್ಲೆಂಡನ್ನು 2-0, ಚೈನೀಸ್ ತೈಪೇಯನ್ನು 2-1 ಸೋಲಿಸಿ ತನ್ನ ಮೊದಲ ವಿಶ್ವಕಪ್‌ಗೆ ಹೊರಟಿತು.

ವಿಯೆಟ್ನಾಂ ತಂಡವನ್ನು ನಾನು ಹಗುರವಾಗಿ ಕಾಣುತ್ತಿಲ್ಲ. ಆಡಬೇಕಾದ ಎರಡು ದಿನ ಅವರು ಚೆನ್ನಾಗಿ ಆಡಿದರು, ಅಷ್ಟೇ ಸಾಕಿತ್ತು. ಥಾಯ್ಲೆಂಡನ್ನು ಸೋಲಿಸಿ ಅವರು ಹತ್ತಿದ ಮೆಟ್ಟಿಲು ನಮಗೇನು ಆಕಾಶದಲ್ಲಿಲ್ಲ. ಅದೇ ಥಾಯ್ಲೆಂಡನ್ನು ನಮ್ಮವರು 2025ರ ಜುಲೈನಲ್ಲಿ ಅವರ ಮನೆಯಂಗಳದಲ್ಲೇ ಸೋಲಿಸಿ ಬಂದಿದ್ದಾರೆ.

ಹಾಗಾದ್ರೆ 2022ರಲ್ಲಿ, ಆತಿಥೇಯರಾಗಿದ್ದ ನಾವು ಎಲ್ಲಿದ್ವಿ? ಹೋಟೆಲ್ ರೂಮಿನಲ್ಲಿ. ಜನವರಿ 20ರಂದು ಇರಾನ್ ಜೊತೆ 0-0 ಡ್ರಾ ಆಯ್ತು. ಜನವರಿ 23ರಂದು ಚೈನೀಸ್ ತೈಪೇ ಜೊತೆಗಿನ ಪಂದ್ಯದ ಹೊತ್ತಿಗೆ ಡಜನ್ನಿನಷ್ಟು ಆಟಗಾರ್ತಿಯರಿಗೆ ಕೋವಿಡ್ ಪಾಸಿಟಿವ್. ಕನಿಷ್ಠ ಹದಿಮೂರು ಜನ ಬೇಕು ಅನ್ನೋದು ನಿಯಮ. ನಮ್ಮಲ್ಲಿ ಅಷ್ಟು ಜನ ಇರಲಿಲ್ಲ. ಪಂದ್ಯ ಮುಂದೂಡಲಿಲ್ಲ. ತಂಡ ಟೂರ್ನಿಯಿಂದಲೇ ‘ಹಿಂದೆ ಸರಿದಿದೆ’ ಎಂದು ಏಷ್ಯನ್ ಫುಟ್‌ಬಾಲ್ ಒಕ್ಕೂಟ ಘೋಷಿಸಿತು, ಭಾರತ ಆಡಿದ್ದ ಪಂದ್ಯ ಲೆಕ್ಕಕ್ಕಿಲ್ಲ ಅಂತ ಅಳಿಸಿ ಹಾಕಿತು. ಪಾಪ, ಇರಾನ್ ಹುಡುಗಿಯರಿಗೆ ಅದು ಚೊಚ್ಚಲ ಏಷ್ಯನ್ ಕಪ್, ಚೊಚ್ಚಲ ಪಂದ್ಯ. ಆತಿಥೇಯರ ಎದುರು ಕಷ್ಟಪಟ್ಟು ಗಳಿಸಿದ ಮೊದಲ ಪಾಯಿಂಟು. ಅದೂ ಹೋಯ್ತು.

‘ಕೋವಿಡ್ ಟೈಮು, ಏನ್ ಮಾಡೋಕಾಗುತ್ತೆ’ ಅಂತೀರಾ? ಇದೇ ಕೋವಿಡ್ ಟೈಮಿನಲ್ಲಿ ಗಂಡಸರ 2022ರ ವಿಶ್ವಕಪ್‌ನ ಏಷ್ಯಾ ಅರ್ಹತಾ ಪಂದ್ಯಗಳನ್ನು 2020ರ ಮಾರ್ಚ್‌ನಿಂದ 2021ರ ಜೂನ್‌ವರೆಗೆ, ವರ್ಷಕ್ಕೂ ಹೆಚ್ಚು ಕಾಲ, ಮುಂದಕ್ಕೆ ಹಾಕಿದ್ದರು. ಇದೇ ಒಕ್ಕೂಟ, ಇದೇ ವೈರಸ್ಸು. ಹೆಣ್ಮಕ್ಕಳಿಗೆ ನಾಲ್ಕು ದಿನದ ವಿನಾಯಿತಿಯೂ ಇಲ್ಲ. ಹೌದು, ಟೂರ್ನಿ ನಡುವೆ ಪಂದ್ಯ ಮುಂದೂಡೋದು ಕಷ್ಟ, ಸ್ಟೇಡಿಯಂ, ಟಿವಿ, ವಿಮಾನ ಎಲ್ಲ ಬುಕ್ ಆಗಿರುತ್ತೆ, ಒಪ್ಪುತ್ತೇನೆ. ಆದರೆ ಜನವರಿ 2022ರಲ್ಲಿ ಓಮಿಕ್ರಾನ್ ಊರೆಲ್ಲ ಹಬ್ಬಿದ್ದಾಗ ಟೂರ್ನಿ ಇಟ್ಟುಕೊಂಡವರಿಗೆ, ಒಂದು ತಂಡಕ್ಕೆ ಸೋಂಕು ತಗುಲಿದರೆ ಏನು ಮಾಡ್ತೀವಿ ಅನ್ನೋ ಪ್ರಶ್ನೆಗೆ ‘ಮನೆಗೆ ಕಳಿಸ್ತೀವಿ’ ಅನ್ನೋದು ಬಿಟ್ಟು ಬೇರೆ ಉತ್ತರ ಹೊಳೆಯಲೇ ಇಲ್ಲವಾ?

ಇಲ್ಲಿ ಕನ್ನಡದ ಒಂದು ಪದದ ಬಗ್ಗೆ ಹೇಳಲೇಬೇಕು. ‘ಕ್ವಾಲಿಫೈಯರ್’ ಅನ್ನೋದಕ್ಕೆ ನಮ್ಮ ಪತ್ರಿಕೆಗಳು ‘ಅರ್ಹತಾ ಸುತ್ತು’ ಅಂತ ಬರೀತವೆ. ಕೇಳಿದ ಕೂಡಲೇ, ಆಟಗಾರ್ತಿಯ ಯೋಗ್ಯತೆಯನ್ನು ತಕ್ಕಡೀಲಿಟ್ಟು ತೂಗಿದ ಹಾಗೆ ಅನ್ನಿಸುತ್ತೆ. ಸೋತರೆ ‘ಅರ್ಹತೆ ಪಡೆಯಲು ವಿಫಲ’. ಆದರೆ ಈ ಸುತ್ತಿಗೆ ಮುಂಚೆ ಇನ್ನೊಂದು ಸುತ್ತಿದೆ, ಅದು ನಡೆಯೋದು ಆಫೀಸಿನಲ್ಲಿ. ತಂಡದ ಹೆಸರು ಕಳಿಸಬೇಕಾದದ್ದು ಆ ದೇಶದ ಫೆಡರೇಷನ್. ಅದು ಕಳಿಸದಿದ್ದರೆ ನೀವು ಎಷ್ಟೇ ಚೆನ್ನಾಗಿ ಆಡಿದರೂ ಇಲ್ಲ.

ಅಫ್ಘಾನಿಸ್ತಾನದ ಆಟಗಾರ್ತಿಯರನ್ನು ಕೇಳಿ. 2021ರಲ್ಲಿ ತಾಲಿಬಾನ್ ಬಂದ ಮೇಲೆ ದೇಶ ಬಿಟ್ಟವರಲ್ಲಿ ಹಲವರು ಈಗ ಇರೋದು ಆಸ್ಟ್ರೇಲಿಯಾದಲ್ಲಿ, ಏಷ್ಯನ್ ಕಪ್ ನಡೆದ ಅದೇ ದೇಶದಲ್ಲಿ. ಅರ್ಹತಾ ಸುತ್ತಿನಲ್ಲಿ 34 ತಂಡಗಳಿದ್ದವು, ಅವರದ್ದಿರಲಿಲ್ಲ. 2025ರ ಮೇ ತಿಂಗಳಲ್ಲಿ ಫಿಫಾ ಅವರಿಗಾಗಿ ನಿರಾಶ್ರಿತರ ತಂಡವೊಂದಕ್ಕೆ ಒಪ್ಪಿಗೆ ಕೊಟ್ಟಿದೆ. ಸಂತೋಷ. ಆದರೆ ವಿಶ್ವಕಪ್‌ನ ಹಾದಿ ಅವರಿಗೆ ಆಗಲೂ ಮುಚ್ಚಿತ್ತು. ಅವರನ್ನು ಸೋಲಿಸಿದ್ದು ಯಾವ ತಂಡ ಹೇಳಿ ನೋಡೋಣ?

ನಮ್ಮಲ್ಲಿ ತಾಲಿಬಾನ್ ಇಲ್ಲ ನಿಜ, ಫೆಡರೇಷನ್ ಇದೆ. 2022ರ ಆಗಸ್ಟ್ 15ರಂದು, ಹೊರಗಿನವರ ಹಸ್ತಕ್ಷೇಪದ ಕಾರಣಕ್ಕೆ ಫಿಫಾ ನಮ್ಮ ಎಐಎಫ್‌ಎಫ್ ಅನ್ನು ಅಮಾನತು ಮಾಡಿತಲ್ಲ, ನೆನಪಿದೆಯಾ? ಕುರ್ಚಿ ಬಿಡದವರು ಗಂಡಸರು, ಜಗಳ ಗಂಡಸರದ್ದು. ದಂಡ ಮೊದಲು ಕಟ್ಟಿದ್ದು ಗೋಕುಲಂ ಕೇರಳದ ಮಹಿಳಾ ತಂಡ. ಏಷ್ಯಾದ ಕ್ಲಬ್ ಚಾಂಪಿಯನ್‌ಷಿಪ್ ಆಡಲು ಅವರು ಆಗಲೇ ತಾಷ್ಕೆಂಟ್ ತಲುಪಿಯಾಗಿತ್ತು. ಅಲ್ಲಿ ಕೂತು ಕಾದು, ಆಡದೇ ವಾಪಸ್ ಬಂದರು. ಅಮಾನತು ಎದ್ದಿದ್ದು 26ಕ್ಕೆ. ಅದಕ್ಕೂ ಹಿಂದೆ, 2000ದ ದಶಕದ ಕೊನೆಯಲ್ಲಿ, ಹದಿನೆಂಟು ತಿಂಗಳಿಗೂ ಹೆಚ್ಚು ಕಾಲ ಒಂದೂ ಅಂತಾರಾಷ್ಟ್ರೀಯ ಪಂದ್ಯ ಆಡಿಸದೆ ನಮ್ಮ ತಂಡ ಫಿಫಾ ರ‍್ಯಾಂಕಿಂಗ್ ಪಟ್ಟಿಯಿಂದಲೇ ಹೊರಬಿದ್ದಿತ್ತು. ಆಡಿ ಸೋತು ಕೆಳಗೆ ಬಿದ್ದದ್ದಲ್ಲ, ಆಡಿಸದೇ ಅಳಿಸಿಹೋದದ್ದು. 1980 ಮತ್ತು 83ರಲ್ಲಿ ಏಷ್ಯಾದ ರನ್ನರ್ಸ್ ಅಪ್ ಆಗಿದ್ದ ದೇಶದ ಕತೆ ಇದು. ಆ ಎರಡರಲ್ಲಿ ಮೊದಲಿನದ್ದು ನಡೆದದ್ದು ಇಲ್ಲೇ ಪಕ್ಕದ ಕಲ್ಲಿಕೋಟೆಯಲ್ಲಿ.

ಈಗ ಚಿಯಾಂಗ್ ಮಾಯ್‌ಗೆ ವಾಪಸ್ ಬರೋಣ, ಯಾಕಂದ್ರೆ ಅಲ್ಲಿನ ಲೆಕ್ಕಾಚಾರವೂ ನೆಟ್ಟಗಿಲ್ಲ. 34 ತಂಡ, ಎಂಟು ಗುಂಪು, ಪ್ರತಿ ಗುಂಪಿನಿಂದ ಒಂದೇ ತಂಡ. ಎರಡನೇ ಸ್ಥಾನಕ್ಕೆ ಏನೂ ಇಲ್ಲ. ಎಲ್ಲ ಪಂದ್ಯ ಒಂದೇ ಊರಿನಲ್ಲಿ, ನಮ್ಮ ಗುಂಪಿನಲ್ಲಂತೂ ಬಲಿಷ್ಠ ತಂಡವೇ ಆತಿಥೇಯ. ಜೂನ್ 23ರಿಂದ ಜುಲೈ 5, ಹದಿಮೂರು ದಿನದಲ್ಲಿ ನಾಲ್ಕು ಪಂದ್ಯ. ಮಂಗೋಲಿಯಾ ಎದುರು 13-0, ಟಿಮೋರ್ ಲೆಸ್ಟೆ ಎದುರು 4-0, ಇರಾಕ್ ಎದುರು 5-0. ಕೊನೇ ಪಂದ್ಯದ ಹೊತ್ತಿಗೆ ನಾವು ಹೊಡೆದದ್ದು 22 ಗೋಲು, ಬಿಟ್ಟದ್ದು ಸೊನ್ನೆ. ಥಾಯ್ಲೆಂಡಿನದ್ದೂ 22, ಸೊನ್ನೆ. ಮೂರು ವರ್ಷದ ತಯಾರಿ, ಮುಂದಿನ ಎರಡು ವರ್ಷದ ಭವಿಷ್ಯ, ಎಲ್ಲ ಒಂದು ಸಂಜೆಯ ತೊಂಬತ್ತು ನಿಮಿಷದಲ್ಲಿ. ಸಂಗೀತಾ ಅವರ ಎರಡನೇ ಗೋಲು ಕಂಬಕ್ಕೆ ಬಡಿದಿದ್ದರೆ?

ಇದೇ ಹೊತ್ತಿಗೆ ನಮ್ಮ ಗಂಡಸರ ತಂಡ ಏನು ಮಾಡ್ತಿತ್ತು ನೋಡಿ. ವಿಶ್ವಕಪ್ ಅರ್ಹತೆಯ ಎರಡನೇ ಸುತ್ತಿನಲ್ಲಿ ಮನೆಯಲ್ಲಿ ಮೂರು, ಹೊರಗೆ ಮೂರು, ಒಟ್ಟು ಆರು ಪಂದ್ಯ ಸಿಕ್ಕವು. ದಾಟಲಿಲ್ಲ. ಮನೆಗೆ ಹೋಗಲಿಲ್ಲ, ಏಷ್ಯನ್ ಕಪ್‌ನ ಇನ್ನೊಂದು ಅರ್ಹತಾ ಸುತ್ತಿಗೆ ಹೋದರು. ಅಲ್ಲೂ ಮತ್ತೆ ಆರು ಪಂದ್ಯ, ಮೂರು ಮನೆಯಲ್ಲಿ. 2025ರ ಮಾರ್ಚ್‌ನಲ್ಲಿ ಶಿಲ್ಲಾಂಗ್‌ನಲ್ಲಿ ಬಾಂಗ್ಲಾದೇಶದ ಜೊತೆ 0-0, ಜೂನ್‌ನಲ್ಲಿ ಹಾಂಗ್ ಕಾಂಗ್‌ನಲ್ಲಿ 0-1 ಸೋಲು. ಎರಡು ಪಂದ್ಯ, ಒಂದು ಪಾಯಿಂಟ್, ಸೊನ್ನೆ ಗೋಲು, ಆದರೂ ಆಗ ಇನ್ನೂ ರೇಸಿನಲ್ಲಿದ್ದರು. ಅವರಿಗೆ ಇಷ್ಟೊಂದು ಅವಕಾಶ ಯಾಕೆ ಅಂತ ನಾನು ಕೇಳ್ತಿಲ್ಲ. ಫುಟ್‌ಬಾಲ್ ಕಲಿಯೋದೇ ಹಾಗೆ, ಮನೇಲಿ ಆಡಿ, ಹೊರಗೆ ಆಡಿ, ಸೋತು, ಮತ್ತೆ ಆಡಿ. ಆ ಕಲಿಕೆಗೆ ಹೆಣ್ಮಕ್ಕಳಿಗೂ ಆರು ಪಂದ್ಯ ಕೊಡಿ ಅಂತಷ್ಟೇ. ಯುರೋಪಿನ ಮಹಿಳಾ ತಂಡಗಳು ಲೀಗ್ ಮಾದರಿಯಲ್ಲಿ, ಮನೆ-ಹೊರಗೆ ಲೆಕ್ಕದಲ್ಲಿ ಆಡಿಯೇ ವಿಶ್ವಕಪ್‌ಗೆ ಹೋಗೋದು. ಗುಂಪಿನಲ್ಲಿ ಎಡವಿದವರಿಗೆ ಪ್ಲೇಆಫ್ ಉಂಟು. ಏಷ್ಯಾ ಮಾತ್ರ ಮದುವೆ ಛತ್ರ ಬುಕ್ ಮಾಡಿದ ಹಾಗೆ ಎರಡು ವಾರಕ್ಕೆ ಒಂದು ಊರು ಹಿಡಿದು ಮುಗಿಸಿಬಿಡುತ್ತೆ. ಒಳಗೆ ಹೋದ ಮೇಲೆ ಅಷ್ಟು ಅಗಲದ ಬಾಗಿಲು, ಗೇಟಿನಲ್ಲಿ ಮಾತ್ರ ಸೂಜಿ ಕಣ್ಣು.

‘ಸರಿ, 2031ಕ್ಕೆ 48 ತಂಡ ಆಗುತ್ತಂತಲ್ಲ, ಆಗ ನಾವೂ ಹೋಗ್ತೀವಿ ಬಿಡಿ’ ಎನ್ನುವ ಆಶಾವಾದಿಗಳು ಬೇರೆ ಇದ್ದಾರೆ. ಫಿಫಾ ಅದನ್ನು ತೀರ್ಮಾನಿಸಿರೋದು ನಿಜ. ಗಂಡಸರ ವಿಶ್ವಕಪ್‌ಗೆ 48 ಅಂದಾಗಲೂ ಇದೇ ಮಾತು ಕೇಳಿದ್ದೆವು. 2024ರ ಜೂನ್‌ನಲ್ಲಿ ದೋಹಾದಲ್ಲಿ ಅದು ಮುಗಿದುಹೋಯ್ತು. ಮಹಿಳಾ ವಿಶ್ವಕಪ್ 1991ರಲ್ಲಿ 12 ತಂಡಗಳಿಂದ ಶುರುವಾಗಿ 16, 24, ಈಗ 32ಕ್ಕೆ ಬಂದು ನಿಂತಿದೆ. ಪ್ರತಿ ಸಲ ಸೀಟು ಹೆಚ್ಚಿದಾಗಲೂ ನಾವು ಪ್ಲಾಟ್‌ಫಾರ್ಮಿನಲ್ಲೇ ಇದ್ವಿ. ಸೀಟು ಹೆಚ್ಚಾದರೆ ಅನುಕೂಲ ಆಗೋದು ತಯಾರಾಗಿ ನಿಂತವರಿಗೆ, ಹೈಟಿ, ಪನಾಮಾ, ವಿಯೆಟ್ನಾಂ ಥರದವರಿಗೆ.

ತಯಾರಿ ಅಂದ್ರೆ ಏನು? ಮೊದಲನೆಯದು ಪಂದ್ಯ. 2024-25ರ ಸೀಸನ್‌ನ ಇಂಡಿಯನ್ ವಿಮೆನ್ಸ್ ಲೀಗ್‌ನಲ್ಲಿದ್ದದ್ದು ಎಂಟು ತಂಡ. ಮನೇಲೊಂದು, ಹೊರಗೊಂದು ಅಂತ ಒಬ್ಬ ಆಟಗಾರ್ತಿಗೆ ಇಡೀ ಸೀಸನ್‌ಗೆ ಸಿಕ್ಕಿದ್ದು ಹದಿನಾಲ್ಕು ಪಂದ್ಯ. ನಮ್ಮ ಆಫೀಸಿನ ಕಾರ್ಪೊರೇಟ್ ಲೀಗಿನಲ್ಲಿ, ಸೊಂಟ ಹಿಡಿದ ಮ್ಯಾನೇಜರುಗಳು ವರ್ಷಕ್ಕೆ ಇದಕ್ಕಿಂತ ಜಾಸ್ತಿ ಆಡ್ತಾರೆ. ಗಂಡಸರ ಐಎಸ್‌ಎಲ್ ನಿಂತುಹೋದೀತು ಅಂದಾಗ ಆಟಗಾರರ ಬದುಕಿನ ಬಗ್ಗೆ ನಾವೆಲ್ಲ ಕಳವಳಪಟ್ಟೆವು, ಪಡಬೇಕಾದ್ದೇ. ವರ್ಷದ ಹೆಚ್ಚಿನ ತಿಂಗಳು ಲೀಗೇ ಇಲ್ಲದೆ ಬದುಕುವ ಪಾಡು ಮಹಿಳಾ ಆಟಗಾರ್ತಿಯರಿಗೆ ಯಾವಾಗಲೂ ಇದ್ದದ್ದೇ. ಅದಕ್ಕೆ ಯಾರೂ ‘ಬಿಕ್ಕಟ್ಟು’ ಅಂತ ಹೆಸರಿಡಲಿಲ್ಲ.

ಹಾಗಂತ ಎಲ್ಲ ತಪ್ಪೂ ಫೆಡರೇಷನ್ ತಲೆಗೇ ಕಟ್ಟಿ ನಾವು ಕೈ ತೊಳ್ಕೊಳ್ಳೋ ಹಾಗಿಲ್ಲ. ಥಾಯ್ಲೆಂಡಿಗೆ ಹೋಗುವ ಮುಂಚೆ ಈ ತಂಡ ತಯಾರಾದದ್ದು ಎಲ್ಲಿ ಗೊತ್ತಾ? ಬೆಂಗಳೂರಿನಲ್ಲಿ. ಊರಿನ ಉತ್ತರದಂಚಿನ ಪಡುಕೋಣೆ-ದ್ರಾವಿಡ್ ಕೇಂದ್ರದಲ್ಲಿ ಕ್ಯಾಂಪ್ ನಡೆಯಿತು, ಉಜ್ಬೇಕಿಸ್ತಾನದ ಜೊತೆ ಎರಡು ಸ್ನೇಹಪರ ಪಂದ್ಯಗಳೂ ಅಲ್ಲೇ. ನಾವೆಲ್ಲ ಆರ್‌ಸಿಬಿ ಜ್ವರದಲ್ಲಿದ್ದ ದಿನಗಳು ಅವು. ಇಂದಿರಾನಗರದ ಪಬ್ಬಿನಲ್ಲಿ ಆರ್ಸೆನಲ್ ಜೆರ್ಸಿ ಹಾಕಿಕೊಂಡು ನಡುರಾತ್ರಿ ಕೂಗಾಡುವವರಿಗೆ, ದೇಶದ ತಂಡ ಏರ್‌ಪೋರ್ಟಿನ ದಾರಿಯಲ್ಲೇ ಅಂತಾರಾಷ್ಟ್ರೀಯ ಪಂದ್ಯ ಆಡುತ್ತಿದೆ ಅನ್ನೋದು ತಿಳಿಯಲಿಲ್ಲ. ತಿಳಿಸಬೇಕಾದವರು ತಿಳಿಸಲಿಲ್ಲ ಅನ್ನೋದು ಅರ್ಧ ಸತ್ಯ. ನಮ್ಮದೇ ಊರಿನ ಕಿಕ್‌ಸ್ಟಾರ್ಟ್ ಎಫ್‌ಸಿ 2023ರಲ್ಲಿ ಮಹಿಳಾ ಲೀಗಿನ ಫೈನಲ್ ಆಡಿದೆ ಅನ್ನೋದನ್ನು ಹುಡುಕಲು ಒಂದು ನಿಮಿಷ ಸಾಕು.

2025ರ ಜುಲೈ 29ರಂದು ಸಿಡ್ನಿಯಲ್ಲಿ ಡ್ರಾ ಆಯ್ತು. ನಮ್ಮ ಗುಂಪಿನಲ್ಲಿ ಜಪಾನ್, ವಿಯೆಟ್ನಾಂ, ಚೈನೀಸ್ ತೈಪೇ. ಜಪಾನ್ ವಿಷಯ ಬಿಡಿ, ಅವರು 2011ರ ವಿಶ್ವ ಚಾಂಪಿಯನ್ನರು. ಉಳಿದ ಇಬ್ಬರಲ್ಲಿ ಒಬ್ಬರು 2022ರಲ್ಲಿ ನಾವು ಆಡಲಾಗದೆ ಬಿಟ್ಟ ಎದುರಾಳಿ, ಇನ್ನೊಬ್ಬರು ಒಂದು ಪಾಯಿಂಟ್‌ನಲ್ಲಿ ದಾಟಿ ವಿಶ್ವಕಪ್‌ಗೆ ಹೋದವರು. ಇವರಿಬ್ಬರಲ್ಲಿ ಒಬ್ಬರನ್ನು ಸೋಲಿಸಿ, ಜಪಾನ್ ಎದುರು ಗೋಲುಗಳ ಲೆಕ್ಕ ಕೈಮೀರದಂತೆ ನೋಡಿಕೊಂಡರೆ ಕ್ವಾರ್ಟರ್ ಫೈನಲ್ ಕನಸಾಗಿರಲಿಲ್ಲ. ಮೊದಲ ಪಂದ್ಯ 2026ರ ಮಾರ್ಚ್ 4ಕ್ಕೆ, ಪರ್ತ್‌ನಲ್ಲಿ, ವಿಯೆಟ್ನಾಂ ಎದುರು. ಅದಕ್ಕೂ ಮೊದಲು ಮಹಿಳಾ ತಂಡಗಳಿಗೆ ಫಿಫಾ ಮೀಸಲಿಟ್ಟ ಅವಧಿಗಳು ಎರಡು ಇದ್ದವು, ಅಕ್ಟೋಬರ್‌ನಲ್ಲೊಂದು, ನವೆಂಬರ್ ಕೊನೆಗೊಂದು. ಈ ಎರಡರಲ್ಲಿ ನಮಗಿಂತ ಮೇಲಿನ ಎಷ್ಟು ತಂಡಗಳ ಜೊತೆ, ಎಲ್ಲಿ, ಯಾವ ದಿನ ಆಡಿಸಿದಿರಿ? ಎಐಎಫ್‌ಎಫ್ ಇದಕ್ಕೆ ತಾರೀಖಿನ ಸಮೇತ ಉತ್ತರ ಕೊಡಲಿ.